ಹಳೇ ಡಬ್ಬಿ ಒಗೀಬ್ಯಾಡ್ರಿ

ಈ ಅಧ್ಯಾಯವನ್ನು ಮೂರು ಸಲ ಬಿಟ್ಟು ಮುಂದಿನದನ್ನು ಬರೆದಿದ್ದೇನೆ. ಅಪ್ಪನ ಕಾಯಿಲೆ, ಶೆಡ್ಡು ಮಾರಿದ್ದು, ನನ್ನ ಕಣ್ಣಿನ ಆಪರೇಷನ್ನು ಎಲ್ಲ ಬರೆದು ಮುಗಿಸಿದೆ. ಇಟ್ಟಮಡುವಿನ ಮನೆಯ ಆ ಎರಡು ವಾರಗಳ ಹತ್ತಿರ ಬಂದಾಗ ಮಾತ್ರ ರೀಫಿಲ್ ಮುಗಿಯಿತೆಂದೋ, ಬೆನ್ನು ಹಿಡಿದುಕೊಂಡಿತೆಂದೋ ನೆಪ ಮಾಡಿ ಎದ್ದುಬಿಟ್ಟೆ. ಎಸ್ಸೆಸ್ಸೆಲ್ಸಿ ಓದಿದ ಮೆಕ್ಯಾನಿಕ್ಕಿಗೆ ಬರವಣಿಗೆ ಸುಲಭವಲ್ಲ ಎಂದು ಹೆಂಡತಿಗೆ ಹೇಳಿದೆ. ಅದೂ ಸುಳ್ಳು. ಬರೆಯುವುದು ಅಷ್ಟೇನೂ ಕಷ್ಟವಲ್ಲ; ಬರೆದದ್ದನ್ನು ಮತ್ತೆ ಓದಿ, ಇಂಥ ಮನುಷ್ಯ ನಾನೇ ಎಂದು ಒಪ್ಪಿಕೊಳ್ಳುವುದು ಕಷ್ಟ.

ಆ ಮನುಷ್ಯ ತಯಾರಾದದ್ದು ಹನುಮಂತನಗರದ ಗುಡ್ಡದ ಹಿಂದಿನ ಬೀದಿಯಲ್ಲಿ. ಒಂದು ನಡುಮನೆ, ಎರಡು ಕತ್ತಲೆ ಕೋಣೆ, ಮುಂದಿನ ಅಂಗಳದಲ್ಲಿ ಅಪ್ಪನ ಗ್ಯಾರೇಜು. ಅಡುಗೆಮನೆಯವರೆಗೂ ಗ್ರೀಸಿನ ವಾಸನೆ ಬರುತ್ತಿತ್ತು. ಅಮ್ಮ ಸಾರಿಗೆ ಎಷ್ಟು ಇಂಗು ಹಾಕಿದರೂ ಗ್ರೀಸೇ ಗೆಲ್ಲುತ್ತಿತ್ತು. ಅಪ್ಪ ಮುರಿದ ಜೀಪಿನ ಸೀಟೊಂದನ್ನು ನಡುಮನೆಗೆ ತಂದು ಹಾಕಿಕೊಂಡಿದ್ದ. ಊಟದ ಹೊತ್ತಿಗೆ ಅದರ ಮೇಲೆ ಕೂತು, ಕೆಳಗೆ ಸಾಲಾಗಿ ಕೂತ ನಮ್ಮನ್ನೂ ಅಲ್ಲಿಲ್ಲದವರನ್ನೂ ಒಬ್ಬೊಬ್ಬರನ್ನಾಗಿ ಹಿಡಿದು ಹೀಯಾಳಿಸುತ್ತಿದ್ದ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಇಲ್ಲದೆ ಊಟ ನಡೆಯುತ್ತಿತ್ತು, ಯಾರನ್ನಾದರೂ ಆಡಿಕೊಳ್ಳದೆ ನಡೆಯುತ್ತಿರಲಿಲ್ಲ. ಹಾಲಿನವನ ತೊದಲು, ಎದುರುಮನೆ ಮೇಷ್ಟರ ಸೈಕಲ್ ಕ್ಲಿಪ್ಪು, ಸೋದರತ್ತೆಯ ಹಲ್ಲು. ಯಾರು ಚೆನ್ನಾಗಿ ನಕ್ಕರೋ ಅವರ ಅನ್ನಕ್ಕೆ ಅಮ್ಮ ಇನ್ನೊಂದು ಮಿಳ್ಳೆ ತುಪ್ಪ ಹಾಕುತ್ತಿದ್ದಳು. ನಾನು ತುಂಬ ತುಪ್ಪ ತಿಂದೆ. ಆಯುಧಪೂಜೆಯ ದಿನ ಅಪ್ಪ ಹತ್ಯಾರಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಮಣೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದ. ಸಾಲಿನ ಕೊನೆಯಲ್ಲಿ ಹಲ್ಲು ಸವೆದು ಯಾವ ನಟ್ಟನ್ನೂ ಹಿಡಿಯದ ಒಂದು ಪಾನ. ಅದಕ್ಕೆ ಪ್ರತಿವರ್ಷ ಯಾರದಾದರೂ ಹೆಸರಿಟ್ಟು, ಅವರ ಹೆಸರು ಕೂಗಿಯೇ ಮಂಗಳಾರತಿ ಎತ್ತುತ್ತಿದ್ದ. ನಾನು ಒಂಬತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದ ವರ್ಷ ಆ ಪಾನಕ್ಕೆ ನನ್ನ ಹೆಸರಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನ ನಾನು ಕಲಿತದ್ದು ಇಷ್ಟು: ಹೆಸರಿಡುವವನ ಪಕ್ಕದಲ್ಲಿರಬೇಕು, ಹೆಸರಿಡಿಸಿಕೊಳ್ಳುವವನಾಗಬಾರದು. ಮಿಕ್ಕ ವಿದ್ಯೆ ತಲೆಗೆ ಹತ್ತಲಿಲ್ಲ, ಇದು ಮಾತ್ರ ಪೂರ್ತಿ ಹತ್ತಿತು.

ಅಪ್ಪ ಹೋದ ಮೇಲೆ ಆ ಮನೆ ದಾಯಾದಿಗಳ ಪಾಲಾಯಿತು. ನಾನು ಇಟ್ಟಮಡುವಿನಲ್ಲಿ ಸೈಟು ಹಿಡಿದು, ಮುಂದೆ ಶೀಟಿನ ಶೆಡ್ಡು, ಹಿಂದೆ ಮನೆ, ಮೇಲೆ ಒಂದು ಕೋಣೆ ಕಟ್ಟಿಸಿದೆ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಮತ್ತು ನನಗಿಂತ ಹದಿನಾರು ವರ್ಷ ಚಿಕ್ಕವಳಾದ ತಂಗಿ ಪಾರು. ನಡುಮನೆಗೆ ಜೀಪಿನ ಸೀಟೂ ಬಂತು, ಅದರ ಮೇಲೆ ನಾನೂ ಬಂದೆ. ಆ ಕಾಲಕ್ಕೆ ಬನಶಂಕರಿಯಿಂದ ಜಯನಗರದವರೆಗೆ ಕಾರ್ಬೊರೇಟರ್ ಟ್ಯೂನಿಂಗ್ ಎಂದರೆ ನನ್ನ ಹೆಸರೇ ಹೇಳುತ್ತಿದ್ದರು. ಕಿವಿ ಕೊಟ್ಟು ಕೇಳಿ, ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಎಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಅಷ್ಟು ಸಣ್ಣ ಒಂದು ಸ್ಕ್ರೂ ತಿರುಗಿಸಲು ಬಂದದ್ದಕ್ಕೇ ಒಬ್ಬ ಮನುಷ್ಯನಿಗೆ ಎಷ್ಟು ಅಹಂಕಾರ ಬರಬಹುದೋ ಅಷ್ಟೂ ನನಗೆ ಬಂದಿತ್ತು.

ಮೇಲಿನ ಕೋಣೆಗೆ ಬಾಡಿಗೆಗೆ ಬಂದವನು ಗದಗದ ಕಡೆಯವನು. ಬಿಟಿಎಂ, ಜಯನಗರದ ಆಫೀಸುಗಳಲ್ಲಿ ಜೆರಾಕ್ಸ್ ಮಷೀನು ರಿಪೇರಿ ಮಾಡುವ ಕೆಲಸ. ಭಾನುವಾರ ಶೆಡ್ಡಿಗೆ ಇಳಿದು ಬಂದು ಗಾಡಿಗಳ ವೈರಿಂಗ್ ಮಾಡಿಕೊಡುತ್ತಿದ್ದ. ಊರಿನಿಂದ ಖಡಕ್ ರೊಟ್ಟಿಯ ಗಂಟು ತಂದು, ಮೊದಲ ದಿನವೇ ಅರ್ಧ ನಮ್ಮ ಮನೆಗೆ ಕೊಟ್ಟ. ಅವತ್ತೇ ನಾನು ಅವನಿಗೆ ರೊಟ್ಟಿ ಎಂದು ಹೆಸರಿಟ್ಟೆ. ಪಾರು ಒಬ್ಬಳು ಮಾತ್ರ ಆ ರೊಟ್ಟಿ ಮುರಿದು ಮೊಸರಲ್ಲಿ ನೆನೆಸಿ ತಿಂದಳು. ಎರಡು ವರ್ಷದ ಮೇಲೆ ಅವನನ್ನೇ ಮದುವೆಯಾಗುತ್ತೇನೆ ಎಂದಳು. ಜಾತಿ ಒಂದೇ, ಅವಳ ವಯಸ್ಸು ಮೀರುತ್ತಿತ್ತು, ಬೇಡ ಎನ್ನಲು ಅಮ್ಮನಿಗೆ ಕಾರಣ ಸಿಗಲಿಲ್ಲ. ಮದುವೆಯಾದ ಮೇಲೂ ಇಬ್ಬರೂ ಅದೇ ಮೇಲಿನ ಕೋಣೆಯಲ್ಲಿ ಉಳಿದರು. ಹೀಗೆ ಆತ ಮನೆಅಳಿಯನಾದ, ನಮಗೆ ಊಟದ ಹೊತ್ತಿಗೆ ದಿನಾ ಹೊಸ ವಿಷಯ ಸಿಕ್ಕಿತು. ಅಳಿಯನೆಂದ ಮೇಲೆ ಮರ್ಯಾದೆ ಕೊಡಬೇಕಲ್ಲ, ಅದಕ್ಕೇ ರೊಟ್ಟಿ ಎನ್ನುವುದನ್ನು ಬಿಟ್ಟು ರೊಟ್ಟಿಯೋರು ಎನ್ನತೊಡಗಿದೆವು. ಆತ ಮಾತ್ರ ನನ್ನನ್ನು ಭಾವ ಎನ್ನದೆ, ಮೊದಲಿನ ಹಾಗೆ ಅಣ್ಣಾರ ಎಂದೇ ಕರೆದ.

ಅಂಥ ದಿನಗಳಲ್ಲಿ ಷಾಮಿಯಾನ ರಾಜಣ್ಣನ ಪಿಕಪ್ಪು ಶೆಡ್ಡಿಗೆ ಬಂತು. ರಾಜಣ್ಣ ಮದುವೆಮನೆಗಳಿಗೆ ಷಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಆಸಾಮಿ. ಕತ್ತಿನ ಸರ ಕಾಣಲೆಂದು ಮೇಲಿನ ಎರಡು ಗುಂಡಿ ಹಾಕದವನು. ಯಾವುದೋ ವಿದೇಶಿ ಕಂಪನಿಯವರು ಕೆಲಸ ಮುಗಿಸಿ ಹರಾಜು ಹಾಕಿದ್ದ ಎರಡು ಪಿಕಪ್ಪುಗಳನ್ನು ಆತ ಒಟ್ಟಿಗೇ ಹಿಡಿದಿದ್ದ. ಒಂದು ಆರು ಸಿಲಿಂಡರಿನದು, ಓಡುತ್ತಿತ್ತು. ಇನ್ನೊಂದು ಎಂಟು ಸಿಲಿಂಡರಿನದು, ಆಕ್ಸಿಡೆಂಟಾಗಿ ಮುಖ ಜಜ್ಜಿಹೋಗಿತ್ತು, ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದ. ಸ್ಟೀರಿಂಗು ಎಡಗಡೆ, ಪೆಟ್ರೋಲ್ ಎಂಜಿನ್ನು, ಅದರಲ್ಲಿ ಪೆಟ್ರೋಲನ್ನು ಅಳೆದು ಚಿಮುಕಿಸಲು ಒಂದು ಕಂಪ್ಯೂಟರು. ಈಗ ಓಡುತ್ತಿದ್ದದ್ದೂ ಕಾಯಿಲೆ ಬಿದ್ದಿತ್ತು: ಬೆಳಿಗ್ಗೆ ಸ್ಟಾರ್ಟಾಗುತ್ತದೆ, ಬಿಸಿಯಾದ ಮೇಲೆ ನಡುರಸ್ತೆಯಲ್ಲಿ ಆಫಾಗುತ್ತದೆ. ನಾನು ಬಾನೆಟ್ ಎತ್ತಿ ನೋಡಿದೆ. ಎಂಜಿನ್ನಿನ ನೆತ್ತಿಯ ಮೇಲೆ, ಕಾರ್ಬೊರೇಟರ್ ಇರುವ ಜಾಗದಲ್ಲಿ, ಕಾರ್ಬೊರೇಟರಿನ ಹಾಗೆಯೇ ಕಾಣುವ ವಸ್ತು. ನನಗೆ ಅಷ್ಟು ಸಾಕಾಯಿತು. ಒಂದು ವಾರ ಅದನ್ನು ಬಿಚ್ಚಿದೆ, ಪೆಟ್ರೋಲಿನಲ್ಲಿ ತೊಳೆದೆ, ಗಾಳಿ ಹೊಡೆದೆ, ಕೂಡಿಸಿದೆ, ಮತ್ತೆ ಬಿಚ್ಚಿದೆ. ತಿರುಗಿಸಲು ಸ್ಕ್ರೂ ಹುಡುಕಿದೆ, ಸಿಗಲಿಲ್ಲ. ಗಾಡಿ ಮಾಡಿದವರಿಗೇ ಬುದ್ಧಿ ಇಲ್ಲ ಎಂದು ಅಲ್ಲಿದ್ದವರಿಗೆಲ್ಲ ಹೇಳಿದೆ. ಎಂಟನೆಯ ದಿನ, ಭಾನುವಾರ, ರಾಜಣ್ಣ ಬಂದು ಸ್ಟೂಲಿನ ಮೇಲೆ ಕೂತಿದ್ದಾಗ ಪಾರುವಿನ ಗಂಡ ಮೇಲಿನಿಂದ ಇಳಿದು ಬಂದ.

“ಅಣ್ಣಾರ, ಇದು ಕಾರ್ಬೊರೇಟರ್ ಅಲ್ರೀ. ನೋಡಾಕ ಹಂಗ ಕಾಣ್ತೈತಿ ಅಷ್ಟ. ಕಂಪ್ಯೂಟರಿಗೆ ಏನಾಗೇತಿ ಅಂತ ಅದನ್ನ ಕೇಳೂಣು.”

“ಕೇಳಪ್ಪಾ, ಕೇಳು. ಗದಗದ ಭಾಷೇಲಿ ಕೇಳ್ಬೇಡ, ಪಾಪ ಅಮೇರಿಕಾದ್ದು ಅದು,” ಎಂದೆ. ರಾಜಣ್ಣ ಹೊಟ್ಟೆ ಕುಣಿಸಿ ನಕ್ಕ.

ಆತ ಪಾರುವನ್ನು ಕರೆದು ಅವಳ ತಲೆಯಿಂದ ಒಂದು ಹೇರ್‌ಪಿನ್ ಇಸಕೊಂಡ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಸಣ್ಣ ಪ್ಲಗ್ಗಿತ್ತು. ನಾನು ಅದನ್ನು ವಾರವಿಡೀ ನೋಡಿ, ಯಾವುದೋ ಬೇಡದ ಕನೆಕ್ಷನ್ ಎಂದು ಬಿಟ್ಟಿದ್ದೆ. ಅದರ ಎರಡು ತೂತಿಗೆ ಪಿನ್ನು ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಬೀಗದ ಕೈ ಮಾತ್ರ ತಿರುಗಿಸಿದ. ಮೀಟರಿನ ಪಕ್ಕದ ಹಳದಿ ದೀಪ ಮಿಣುಕತೊಡಗಿತು. ಆತ ಯಾವುದೋ ಆಫೀಸಿನವರಿಂದ ಜೆರಾಕ್ಸ್ ಮಾಡಿಸಿ ತಂದಿದ್ದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಂಗನವಾಡಿ ಮಗುವಿನ ಹಾಗೆ ಬೆರಳು ಮಡಿಚಿ ಎಣಿಸಿದ. ಐದು ಸಲ ಮಿಣುಕಿತು, ನಿಂತಿತು, ಮತ್ತೆ ಐದು ಸಲ. ಐವತ್ತೈದು ಎಂದರೆ ಕಂಪ್ಯೂಟರಿನ ಡಬ್ಬಿಯೇ ಕೆಟ್ಟಿದೆ ಎಂದು ಹಾಳೆಯಲ್ಲಿತ್ತು. ನಾನು ಒಂದು ವಾರ ಪೆಟ್ರೋಲಿನಲ್ಲಿ ಕೈ ಅದ್ದಿ ಕಾಣದ್ದನ್ನು ಆತ ಹೇರ್‌ಪಿನ್ನಿನಲ್ಲಿ ಒಂದು ನಿಮಿಷಕ್ಕೆ ಕಂಡಿದ್ದ. ರಾಜಣ್ಣ ಸ್ಟೂಲಿನಿಂದ ಎದ್ದುನಿಂತ.

“ಏನ್ ಗುರೂ ನೀನು! ಇಷ್ಟ್ ದಿನ ಎಲ್ಲಿದ್ದೆ? ಜೇಪಿ ನಗರದಲ್ಲಿ ನಂದೊಂದು ಮಳಿಗೆ ಖಾಲಿ ಇದೆ, ರೋಡಿಗೇ. ಈ ಗಾಡಿ ಓಡಿಸ್ಬಿಡು, ಮಳಿಗೆ ನಿಂಗೇನೆ. ಸ್ವಂತ ಅಂಗಡಿ ಇಡು, ಯಾಕೆ ಇವರ ಶೆಡ್ಡಲ್ಲಿ ಕೂತಿದೀಯ?”

ಆತ ಪಾರುವಿನ ಕಡೆ ನೋಡಿದ. ಪಾರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಸ್ವಂತ ಅಂಗಡಿ ಎಂದರೆ ಆ ಮೇಲಿನ ಕೋಣೆಯಿಂದ, ನಮ್ಮ ಊಟದ ಸಾಲಿನಿಂದ, ನನ್ನಿಂದ ಬಿಡುಗಡೆ. ತಂಗಿಯ ಸಂತೋಷ ನೋಡಿ ಒಬ್ಬ ಅಣ್ಣನಿಗೆ ಏನಾಗಬೇಕೋ ಅದು ನನಗಾಗಲಿಲ್ಲ. “ಇವರ ಶೆಡ್ಡಲ್ಲಿ” ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು.

ಅವತ್ತೇ ಮಧ್ಯಾಹ್ನ ಜಜ್ಜಿದ ಗಾಡಿಯ ಡಬ್ಬಿಯನ್ನು ಬಿಚ್ಚಿ ತಂದು ಆತ ಇದಕ್ಕೆ ಹಾಕಿದ. ಹೊರಗಿನಿಂದ ಎರಡೂ ಅವಳಿ ಜವಳಿ, ನಂಬರೂ ಒಂದೇ. ಗಾಡಿ ಸ್ಟಾರ್ಟಾಯಿತು, ಆದರೆ ಹುಚ್ಚು ಹಿಡಿದ ಹಾಗೆ ಒದರಿ, ಕಪ್ಪು ಹೊಗೆ ಉಗುಳಿ, ನಿಂತುಹೋಯಿತು. ನನಗೆ ಆದ ಖುಷಿಯನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆತ ಗಾಬರಿಯಾಗಲಿಲ್ಲ. ಮತ್ತೆ ಹಾಳೆ ಓದಿದ. ಡಬ್ಬಿಯೊಳಗೆ ಬೆರಳುದ್ದದ ಒಂದು ಚಿಪ್ಪು ಇರುತ್ತದಂತೆ. ಯಾವ ಎಂಜಿನ್ನು, ಎಷ್ಟು ಪೆಟ್ರೋಲು ಎನ್ನುವ ಲೆಕ್ಕವೆಲ್ಲ ಇರುವುದು ಅದರಲ್ಲೇ. ಹೊಸ ಡಬ್ಬಿ ತನ್ನ ಎಂಟು ಸಿಲಿಂಡರಿನ ಲೆಕ್ಕದಲ್ಲಿ ಈ ಆರರ ಎಂಜಿನ್ನಿಗೆ ಪೆಟ್ರೋಲು ಸುರಿಯುತ್ತಿತ್ತು. ಹಳೆಯ ಡಬ್ಬಿಯ ಚಿಪ್ಪನ್ನು ತೆಗೆದು ಇದರೊಳಗೆ ಕೂರಿಸಿದರೆ ಮುಗಿಯಿತು. ಚಿಪ್ಪಿನ ಕಾಲುಗಳು ಕೂದಲಿನಷ್ಟು ಸಣ್ಣವು, ಸ್ಕ್ರೂಡ್ರೈವರಿನಿಂದ ಮೀಟಿದರೆ ಮುರಿಯುತ್ತವೆ. ಅದನ್ನು ಎತ್ತುವ ಚಿಮಟ ತನ್ನ ಆಫೀಸಿನಲ್ಲಿದೆ, ಸೋಮವಾರ ಸಂಜೆ ತರುತ್ತೇನೆ ಎಂದ. ಹಳೆಯ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಬೆಂಚಿನ ಮೇಲಿಟ್ಟ.

“ಅಣ್ಣಾರ, ಈ ಹಳೇ ಡಬ್ಬಿ ಒಗೀಬ್ಯಾಡ್ರಿ ಮತ್ತ. ಜೀವ ಇರೂದು ಇದರಾಗ.”

ನಮ್ಮ ಕಡೆ ಒಗೆಯುವುದೆಂದರೆ ಬಟ್ಟೆ ಒಗೆಯುವುದು. ಅವರ ಕಡೆ ಒಗೆಯುವುದೆಂದರೆ ಎಸೆಯುವುದು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಸೂರಿನಡಿ ಇದ್ದವನ ಮಾತು ನನಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ತಿಳಿಯದವನ ಹಾಗೆ ನಟಿಸುವುದರಲ್ಲಿ ಮಜವಿತ್ತು. ಊಟಕ್ಕೆ ಕೂತಾಗ ಜೀಪಿನ ಸೀಟಿನ ಮೇಲಿಂದ ನಾನೇ ಶುರು ಮಾಡಿದೆ.

“ಅಮ್ಮಾ, ನಿನ್ನ ಅಳಿಯಂದ್ರು ಕಂಪ್ಯೂಟರ್ ಒಗೀಬೇಡಿ ಅಂತ ಆರ್ಡರ್ ಮಾಡಿದಾರೆ.”

“ಅಯ್ಯೋ, ಮೊದಲೇ ಹೇಳ್ಬಾರ್ದಾ? ಬೆಳಿಗ್ಗೆ ಸೋಪಿನ ಪುಡೀಲಿ ನೆನೆಸೋಣ ಅಂತಿದ್ದೆ,” ಎಂದಳು ಅಮ್ಮ.

“ಒಗೆದ್ರೂ ಹಿಂಡ್ಬೇಡಿ ಅತ್ತೆ, ಸುಕ್ಕಾಗುತ್ತೆ,” ಎಂದು ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆತನೂ ನಕ್ಕ. ನಿಜವಾಗಿ ನಕ್ಕ, ನೆತ್ತಿಗೆ ಹತ್ತುವಷ್ಟು. “ನಮ್ಮ ಕಡೆ ಒಗೀದಂದ್ರ ಬಿಸಾಕೂದ್ರೀ ಅತ್ತಿ,” ಎಂದು ವಿವರಿಸಿದ. ಪಾರು ನಗಲಿಲ್ಲ. ತಟ್ಟೆಯಲ್ಲಿದ್ದ ಅನ್ನವನ್ನು ಅಂಚಿಗೆ ತಳ್ಳುತ್ತಾ ಕೂತಿದ್ದಳು.

ಸೋಮವಾರ ಬೆಳಿಗ್ಗೆ ಆತ ಕೆಲಸಕ್ಕೆ ಹೋದ ಮೇಲೆ ಗುಜರಿಯವನು ತಳ್ಳುಗಾಡಿ ತಳ್ಳಿಕೊಂಡು ಬಂದ. ತಿಂಗಳಿಗೊಮ್ಮೆ ಶೆಡ್ಡಿನ ಸವೆದ ಬೇರಿಂಗು, ಮುರಿದ ಪಿಸ್ಟನ್ನು, ಅಲ್ಯೂಮಿನಿಯಂ ತುಂಡುಗಳನ್ನು ಆತನಿಗೆ ಹಾಕುವುದು ರೂಢಿ. ಡಬ್ಬಿ ಬೆಂಚಿನ ಮೇಲಿತ್ತು. ಅದರ ಕವಚ ಅಲ್ಯೂಮಿನಿಯಂನದು. ಕೈ ತಪ್ಪಿ ಹಾಕಿದೆ ಎಂದು ಬರೆಯಬಹುದಿತ್ತು, ಬರೆದರೆ ನೀವು ನಂಬುತ್ತಿದ್ದಿರಿ. ಪೇಪರು ಬಿಚ್ಚಿ, ಮಡಿಚಿ, ಬೆಂಚಿನ ಮೇಲಿಟ್ಟು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ತಳ್ಳುಗಾಡಿಯ ಮೇಲಿಟ್ಟೆ. ಇದೂ ಹಾಕ್ಲಾ ಅಣ್ಣ ಎಂದು ಗುಜರಿಯವನೂ ಒಂದು ಮಾತು ಕೇಳಿದ. ಹಾಕು ಎಂದೆ.

ಸಂಜೆ ಆತ ಚಿಮಟವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದ. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಮತ್ತೆ ಬೆಂಚಿನ ಮೇಲೆ ನೋಡಿದ. ಗುಜರಿಯವನು ಬಂದಿದ್ದ, ಹಳೇ ಸಾಮಾನಿನ ಜೊತೆ ಹೋಗಿರಬೇಕು ಎಂದೆ, ತಲೆ ಎತ್ತದೆ. ಆತ ಬೈಯಲಿಲ್ಲ. ಎಲ್ಲಿಯ ಗುಜರಿ ಎಂದಷ್ಟೇ ಕೇಳಿದ. ಎರಡು ದಿನ ರಜೆ ಹಾಕಿ ಇಟ್ಟಮಡುವಿನ ಅಂಗಡಿ, ಅಲ್ಲಿಂದ ಕಳಾಸಿಪಾಳ್ಯ, ಅಲ್ಲಿಂದ ಶಿವಾಜಿನಗರ ಎಂದು ಅಲೆದ. ಬುಧವಾರ ಮಧ್ಯಾಹ್ನ ಡಬ್ಬಿಯ ಕವಚವನ್ನು ಹಿಡಿದುಕೊಂಡು ಬಂದ. ಒಳಗೆ ಏನೂ ಇರಲಿಲ್ಲ. ಅಲ್ಯೂಮಿನಿಯಂ ತೂಕಕ್ಕೆ ಬೇಕೆಂದು ಚಿಪ್ಪು ಕೂತಿದ್ದ ಒಳಗಿನ ಹಲಗೆಯನ್ನು ಕಿತ್ತು ಎಲ್ಲೋ ಎಸೆದಿದ್ದರು. ಖಾಲಿ ಕವಚವನ್ನು ತೊಡೆಯ ಮೇಲಿಟ್ಟುಕೊಂಡು ಆತ ಗಾಡಿಯ ಫುಟ್‌ಬೋರ್ಡಿನ ಮೇಲೆ ಕೂತಿದ್ದಾಗಲೇ ರಾಜಣ್ಣ ಬಂದ. ಪಾರು ಕಾಫಿ ತಂದಳು. ರಾಜಣ್ಣ ಕಾಫಿ ಮುಟ್ಟಲಿಲ್ಲ.

“ನನ್ ಗಾಡಿ ಸಾಮಾನು ಗುಜರಿಗೆ ಹಾಕಿದ್ಯಾರು? ಅದೊಂದ್ ಹೇಳ್ಬಿಡಿ ನಂಗೆ.”

ಆತ ನನ್ನ ಕಡೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಅಣ್ಣಾರು ಹೇಳುತ್ತಾರೆ, ಗೊತ್ತಾಗದೆ ಹೋಯಿತು ಎನ್ನುತ್ತಾರೆ, ನಾವಿಬ್ಬರೂ ಸೇರಿ ಏನಾದರೂ ದಾರಿ ಹುಡುಕುತ್ತೇವೆ ಎಂದು ಕಾಯುತ್ತಿದ್ದ ನೋಟ. ನಾನು ಕೈ ಒರೆಸುವ ಬಟ್ಟೆಯನ್ನು ಬೆಂಚಿನ ಮೇಲೆ ಹಾಕಿದೆ.

“ನಾನು ಹಾಕಿದ್ದು ನಿಜ ರಾಜಣ್ಣ. ಆದ್ರೆ ಹಾಕಿ ಅಂದೋರು ಇವರೇ. ಹಳೇ ಡಬ್ಬಿ ಒಗೀರಿ ಅಂದ್ರು. ಒಗೀರಿ ಅಂದ್ರೆ ಇವರ ಭಾಷೇಲಿ ಬಿಸಾಕಿ ಅಂತ ಅಲ್ವಾ? ಸರಿ, ಬಿಸಾಕ್ದೆ.”

ನಾಲಿಗೆಯಿಂದ ಮಾತು ಬಿದ್ದ ಮೇಲೆ ನಾನು ಏನು ಹೇಳಿದೆನೆಂಬುದು ನನಗೇ ಕೇಳಿಸಿತು. ಒಗೀಬ್ಯಾಡ್ರಿ ಎಂದದ್ದನ್ನು ಒಗೀರಿ ಎಂದು ತಿರುಚಿದ್ದು ಒಂದು. ಊಟಕ್ಕೆ ಕೂತಾಗ ಆತ ಬಿಡಿಸಿ ಹೇಳಿದ್ದ ಅರ್ಥ ನನಗೆ ನೆನಪಿತ್ತೆಂದು ನಾನೇ ಬಾಯಿಬಿಟ್ಟದ್ದು ಇನ್ನೊಂದು. ಗೊತ್ತಾಗದೆ ಹಾಕಿದೆ ಎನ್ನಲು ಇದ್ದ ಒಂದೇ ಬಾಗಿಲನ್ನೂ ನಾನೇ ಮುಚ್ಚಿಕೊಂಡಿದ್ದೆ. ರಾಜಣ್ಣನಿಗೆ ಅದೇನೂ ತಿಳಿಯಲಿಲ್ಲ. ತಿಳಿಯುವ ತಲೆಯೂ ಅದಲ್ಲ. ತಿಳಿದದ್ದು ಇಬ್ಬರಿಗೆ. ಪಾರು ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟು ನನ್ನನ್ನೇ ನೋಡಿದಳು. ಆತನ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬಂದದ್ದು ಸಿಟ್ಟಲ್ಲ, ಸಂಕೋಚ. ನನ್ನನ್ನು ಬಟ್ಟೆಯಿಲ್ಲದೆ ನೋಡಿಬಿಟ್ಟವನ ಹಾಗೆ ಕಣ್ಣು ಕೆಳಗೆ ಹಾಕಿದ. ನಾನು ಹೇಳಿದ್ದು ಸುಳ್ಳು ಎನ್ನಲು ಅವನಿಗೆ ಒಂದೇ ವಾಕ್ಯ ಸಾಕಿತ್ತು. ಪಾರುವಿನ ಅಣ್ಣನನ್ನು ಪಾರುವಿನ ಮುಂದೆ, ಹೊರಗಿನವನ ಮುಂದೆ ಸುಳ್ಳುಗಾರನನ್ನಾಗಿ ಮಾಡಲು ಅವನಿಗೆ ಆಗಲಿಲ್ಲ.

“ನನ್ನ ಮಾತಿನಾಗ ತಪ್ಪಾತ್ರಿ ಸಾವ್ಕಾರ್ರ,” ಎಂದ.

“ಮಾತಾಡೋಕೇ ಬರ್ದೋನಿಗೆ ಮಳಿಗೆ ಕೊಟ್ಟು ಕಸ್ಟಮರ್ ಹತ್ರ ನಾನ್ ಒದೆ ತಿನ್ಲಾ?” ಎಂದ ರಾಜಣ್ಣ, ಮತ್ತು ತನ್ನ ಹಾಸ್ಯಕ್ಕೆ ತಾನೇ ನಕ್ಕ. ಅಭ್ಯಾಸಬಲ, ನಾನೂ ನಕ್ಕೆ.

ಎರಡು ದಿನದಲ್ಲಿ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಜೇಪಿ ನಗರದ ಮಳಿಗೆಯಲ್ಲಿ ಬೇರೆ ಯಾರೋ ಕ್ಯಾಸೆಟ್ ಅಂಗಡಿ ಇಟ್ಟರು. ತಿಂಗಳು ತುಂಬುವುದರೊಳಗೆ ಪಾರು ಮತ್ತು ಆತ ಬಿಟಿಎಂನಲ್ಲಿ ಒಂದು ಕೋಣೆ ಹಿಡಿದು ಹೊರಟರು. ಅಮ್ಮ ಮನೆಅಳಿಯನಿಗೆ ರೋಷ ಬೇರೆ ಎಂದು ಒಳಗಿನಿಂದ ಕೇಳುವಂತೆ ಹೇಳಿದಳು. ಆತ ಟ್ರಂಕನ್ನು ಆಟೋಕ್ಕೆ ಏರಿಸುತ್ತಿದ್ದಾಗ ಪಾರು ಶೆಡ್ಡಿಗೆ ಬಂದಳು.

“ಅಣ್ಣ, ನಿಂಗೆ ಆ ಮಾತು ಮೊದಲನೇ ದಿನಾನೇ ಅರ್ಥ ಆಗಿತ್ತು, ಅಲ್ವಾ?”

“ಸ್ಟವ್ ಹುಷಾರು, ಎಣ್ಣೆ ಸೋರುತ್ತೆ,” ಎಂದೆ. ಒಡಹುಟ್ಟಿದವಳಿಗೆ ಅವತ್ತು ನಾನು ಕೊಟ್ಟ ಉತ್ತರ ಅಷ್ಟೆ.

ಅಮ್ಮ ತೀರಿಕೊಂಡಾಗ ಆತ ಬಂದ. ಚಟ್ಟಕ್ಕೆ ಬಿದಿರು ತಂದವನು, ಬಂದವರಿಗೆಲ್ಲ ಕುರ್ಚಿ ಹಾಕಿದವನು, ನಾನು ಕೂತಿದ್ದ ಕಡೆ ನೀರು ತಂದುಕೊಟ್ಟವನು ಆತನೇ. ತಪ್ಪಾಯಿತು ಎನ್ನಲು ಹನ್ನೊಂದು ದಿನ ಅವಕಾಶವಿತ್ತು. ಊಟ ಮಾಡ್ಕೊಂಡು ಹೋಗಿ ಎಂದೆ. ಆಮೇಲೆ ಅವರು ಗದಗಕ್ಕೇ ಹೋಗಿ ನೆಲೆಸಿದರು. ಈಗ ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ. ಸತ್ತವರ ಫೋಟೋ ಮುಂದೆ ನಿಂತು ತಪ್ಪಾಯಿತು ಎಂದು ಅಳುವ ಮುದುಕರನ್ನು ಬಹಳ ಕಂಡಿದ್ದೇನೆ, ಅವರ ಮೇಲೆ ನನಗೆ ತಾತ್ಸಾರವೇ. ನಾನು ಅವರಿಗಿಂತ ಕಡೆ. ನನ್ನವನು ಬದುಕಿದ್ದಾನೆ, ಮೊದಲನೇ ರಿಂಗಿಗೇ ಫೋನು ಎತ್ತುತ್ತಾನೆ.

“ಪಾರು ಇದ್ದಾಳಾ?” ಎನ್ನುತ್ತೇನೆ.

“ಅದಾಳ್ರಿ ಅಣ್ಣಾರ. ಆರಾಮದೀರಿ? ಕೊಡ್ತೀನ್ರಿ, ಒಂದ್ ನಿಮಿಷ.”

ಫೋನು ಹಿಡಿದು ಆತ ಹಿತ್ತಿಲವರೆಗೆ ನಡೆಯುವುದು ಕೇಳಿಸುತ್ತದೆ. ಚಪ್ಪಲಿಯ ಸದ್ದು, ಬಾಗಿಲ ಚಿಲಕ, ಅವಳನ್ನು ಕೂಗುವ ದನಿ. ಅಷ್ಟು ಹೊತ್ತೂ ಫೋನು ಆತನ ಕೈಯಲ್ಲೇ ಇರುತ್ತದೆ, ನನ್ನ ಬಾಯಿ ಫೋನಿನ ಹತ್ತಿರವೇ ಇರುತ್ತದೆ. ಇಷ್ಟು ವರ್ಷಗಳಲ್ಲಿ ಆ ಒಂದು ನಿಮಿಷ ಎಷ್ಟು ಸಲ ಬಂದು ಹೋಯಿತೋ. ಈ ಹಾಳೆಗಳನ್ನು ಬರೆಯುತ್ತಿರುವುದೂ ಆ ನಿಮಿಷದಿಂದ ತಪ್ಪಿಸಿಕೊಳ್ಳಲಿಕ್ಕೇ ಇರಬಹುದು. ಕಾಗದಕ್ಕೆ ತಪ್ಪೊಪ್ಪಿಕೊಂಡರೆ ಕಾಗದ ನನ್ನ ಮುಖ ನೋಡುವುದಿಲ್ಲ. ಆದರೂ ಇಷ್ಟನ್ನಾದರೂ ಪೂರ್ತಿ ಬರೆಯುತ್ತೇನೆ. ನನ್ನ ತಂಗಿಯ ಗಂಡ, ನಮ್ಮ ಮನೆಯ ಅಳಿಯ, ನನ್ನ ಸುಳ್ಳನ್ನು ತನ್ನ ತಪ್ಪೆಂದು ಒಪ್ಪಿಕೊಂಡವರು, ನಾನು ಇವತ್ತಿಗೂ ಕ್ಷಮೆ ಕೇಳದವರು: ಶೇಖರಪ್ಪ ಬಸಪ್ಪ ಹಡಗಲಿ.